ಕಮಠಾಣದ ಬಿಳಿ ಮಣ್ಣು ಮತ್ತು ಭೂವಿಜ್ಞಾನದ ಓದು

ಪ್ರಶ್ನೆ: ನಾನು ಬೀದರ್ ತಾಲ್ಲೂಕಿನ ಕಮಠಾಣದವಳು, ದ್ವಿತೀಯ ಪಿಯುಸಿ ವಿಜ್ಞಾನ ಓದುತ್ತಿದ್ದೇನೆ. ಮುಂದೆ ಭೂವಿಜ್ಞಾನ ಓದಬೇಕೆಂಬ ಆಸೆಯಿದೆ. ಮನೆಯಲ್ಲಿ ‘ಕಲ್ಲು ಮಣ್ಣು ನೋಡಾಕ ಯೂನಿವರ್ಸಿಟಿಗೆ ಯಾಕ ಹೋಗಬೇಕು’ ಎನ್ನುತ್ತಾರೆ. ನಮ್ಮೂರಿನ ಹತ್ತಿರ ಕೆಯೋಲಿನ್ ನಿಕ್ಷೇಪ ಇದೆ ಎಂಬ ಒಂದು ಸಾಲನ್ನು ಜಿಲ್ಲೆಯ ಬಗೆಗಿನ ಪುಸ್ತಕದಲ್ಲಿ ಓದಿದೆ. ಅದೇನು, ಇಲ್ಲಿಗೆ ಹೇಗೆ ಬಂತು? ಈ ವಿಷಯದಲ್ಲಿ ನಿಜವಾಗಿ ಏನು ಕಲಿಸುತ್ತಾರೆ, ಎಲ್ಲಿ ಓದಬೇಕು, ಕೆಲಸ ಸಿಗುತ್ತದೆಯೇ? ಇನ್ನೊಂದು ಮಾತು: ನಮ್ಮ ಕಡೆ ತೆಂಗಿನಕಾಯಿ ಹಿಡಿದು ಬೋರ್ ಪಾಯಿಂಟ್ ತೋರಿಸುವವರಿದ್ದಾರೆ. ಓದಿ ಬಂದವರು ಅವರಿಗಿಂತ ಹೆಚ್ಚೇನು ಮಾಡಬಲ್ಲರು?

ಉತ್ತರ: ನೀವು ಓದಿದ ಆ ಸಾಲಿನ ಪಕ್ಕದಲ್ಲೇ ಇನ್ನೆರಡು ಸಾಲು ಇದ್ದಿರಬೇಕು. ಬೀದರ್ ಜಿಲ್ಲೆಯ ಖನಿಜಗಳೆಂದರೆ ಮೂರನ್ನು ಹೆಸರಿಸುವುದು ರೂಢಿ. ಬೀದರಿನಿಂದ ನೈಋತ್ಯಕ್ಕೆ ಸುಮಾರು 11 ಕಿಲೋಮೀಟರ್ ದೂರದ ನಿಮ್ಮ ಕಮಠಾಣದ ಕೆಯೋಲಿನ್. ಬಸವಕಲ್ಯಾಣದ ದಕ್ಷಿಣಕ್ಕೆ ಸುಮಾರು 3 ಕಿಲೋಮೀಟರ್ ಆಚೆ ಸಿಗುವ, ಅಲ್ಯುಮಿನ ಹೆಚ್ಚು ಕಬ್ಬಿಣ ಕಡಿಮೆ ಇರುವ ಬಾಕ್ಸೈಟ್ ಬಗೆಯ ಜೇಡಿ. ಸಿರ್ಸಿ ಮತ್ತು ಔರಾದ ಗ್ರಾಮಗಳ ಬಳಿಯ ಕೆಮ್ಮಣ್ಣು. (ಈ ಸಿರ್ಸಿ ಬೀದರ್ ಜಿಲ್ಲೆಯದೇ, ಘಟ್ಟದ ಮೇಲಿನ ಶಿರಸಿಯಲ್ಲ.) ಪಟ್ಟಿಯಲ್ಲಿ ಇವು ಮೂರು ಬೇರೆ ಬೇರೆ ವಸ್ತುಗಳು, ಮೂರು ಬಣ್ಣ, ಮೂರು ಜಾಗ. ನೆಲದಲ್ಲಿ ಮೂರೂ ಒಂದೇ ಕಲ್ಲಿನಿಂದ, ಒಂದೇ ಕ್ರಿಯೆಯಿಂದ ಹುಟ್ಟಿದವು. ಪಟ್ಟಿಯನ್ನು ಬಾಯಿಪಾಠ ಮಾಡುವುದಕ್ಕೆ ವಿಶ್ವವಿದ್ಯಾಲಯ ಬೇಡ. ಪಟ್ಟಿಯ ಹಿಂದಿರುವ ಆ ಒಂದು ಕ್ರಿಯೆಯನ್ನು ಕಾಣುವ ಕಣ್ಣು ಬೇಕಾದರೆ ಓದಲೇಬೇಕು. ನಿಮ್ಮ ಮನೆಯವರ ಪ್ರಶ್ನೆಗೆ ನನ್ನ ಉತ್ತರ ಇದೇ. ಉಳಿದದ್ದನ್ನು ಬಿಡಿಸಿ ಹೇಳುತ್ತೇನೆ.

ಆ ಮೂಲ ಕಲ್ಲು ಬಸಾಲ್ಟ್. ಭಾಲ್ಕಿ, ಔರಾದ ಕಡೆಯ ಹೊಲಗಳ ಬದುವಿನಲ್ಲಿ, ಹಳ್ಳದ ದಂಡೆಯಲ್ಲಿ, ಹಳೆಯ ಬಾವಿಗಳ ಗೋಡೆಯಲ್ಲಿ ಕಾಣುವ ಕರಿಕಲ್ಲು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ನೆಲ ಬಿರಿದು, ಬಿರುಕುಗಳಿಂದ ಲಾವಾ ಉಕ್ಕಿ, ತಗ್ಗುಗಳನ್ನೆಲ್ಲ ತುಂಬಿ ಹರಡಿ ತಣಿಯಿತು. ಅದರ ಮೇಲೆ ಮತ್ತೊಂದು ಹರಿವು, ಮತ್ತೊಂದು. ಬುಟ್ಟಿಯಲ್ಲಿ ಜೋಳದ ರೊಟ್ಟಿ ಪೇರಿಸಿಟ್ಟಂತೆ ಹಾಸಿಕೊಂಡ ಈ ಪದರಗಳು ಇಂದಿಗೂ ಮಧ್ಯ ಮತ್ತು ಪಶ್ಚಿಮ ಭಾರತದ ಸುಮಾರು 5 ಲಕ್ಷ ಚದರ ಕಿಲೋಮೀಟರ್ ನೆಲವನ್ನು ಮುಚ್ಚಿವೆ. ಡೈನೋಸಾರ್‌ಗಳು ಅಳಿದ ಕಾಲವೂ ಹೆಚ್ಚುಕಡಿಮೆ ಇದೇ. ಆ ಅಳಿವಿನಲ್ಲಿ ಈ ಲಾವಾದ ಪಾಲೆಷ್ಟು, ಮೆಕ್ಸಿಕೋದಲ್ಲಿ ಬಿದ್ದ ಕ್ಷುದ್ರಗ್ರಹದ ಪಾಲೆಷ್ಟು ಎಂಬ ವಾದ ಇನ್ನೂ ನಡೆದಿದೆ. ಬೀದರ್ ಜಿಲ್ಲೆ ಈ ಲಾವಾ ನಾಡಿನ ಆಗ್ನೇಯದ ಅಂಚಿನಲ್ಲಿದೆ. ಬೀದರಿನಿಂದ ಹೈದರಾಬಾದಿಗೆ ಹೋಗುವಾಗ ಜಹೀರಾಬಾದ್ ದಾಟಿದ ಮೇಲೆ ಕಿಟಕಿಯಾಚೆ ನೋಡುತ್ತಿರಿ. ಕೆಂಪು ಮತ್ತು ಕಪ್ಪು ನೆಲ ಹಿಂದೆ ಸರಿದು, ದುಂಡು ಗ್ರಾನೈಟ್ ಬಂಡೆಗಳ ಗುಡ್ಡಗಳು ಏಳತೊಡಗುತ್ತವೆ. ಲಾವಾ ಹಾಸು ಅಲ್ಲಿಗೆ ಮುಗಿದು, ಅದರ ಅಡಿಯಲ್ಲಿದ್ದ ನೂರಾರು ಕೋಟಿ ವರ್ಷ ಹಳೆಯ ನೆಲ ಮೇಲಕ್ಕೆ ಬಂದಿರುತ್ತದೆ.

ಈಗ ನಿಮ್ಮ ಬಿಳಿ ಮಣ್ಣು. ತಾಜಾ ಬಸಾಲ್ಟಿನ ಹತ್ತಿರ ಹತ್ತಿರ ಅರ್ಧ ಪಾಲು ಸಿಲಿಕ. ಉಳಿದದ್ದರಲ್ಲಿ ಅಲ್ಯುಮಿನ, ಕಬ್ಬಿಣ, ಸುಣ್ಣ, ಮೆಗ್ನೀಷಿಯಂ, ಸೋಡಿಯಂ ಮುಖ್ಯ. ಮಳೆನೀರು ಗಾಳಿಯಿಂದ, ಮಣ್ಣಿನ ಬೇರು ಮತ್ತು ಜೀವಾಣುಗಳಿಂದ ಇಂಗಾಲದ ಡೈ ಆಕ್ಸೈಡನ್ನು ಹೀರಿಕೊಂಡು ತುಸು ಆಮ್ಲೀಯವಾಗಿರುತ್ತದೆ. ಆ ನೀರು ಕಲ್ಲಿನ ಸೀಳುಗಳಲ್ಲಿ ಇಳಿಯುತ್ತ ಮೊದಲು ಸೋಡಿಯಂ, ಸುಣ್ಣ, ಮೆಗ್ನೀಷಿಯಂಗಳನ್ನು ಕರಗಿಸಿಕೊಂಡು ಹೋಗುತ್ತದೆ. ಬಸಾಲ್ಟಿನಲ್ಲಿರುವ ಫೆಲ್ಡ್‌ಸ್ಪಾರ್ ಎಂಬ ಖನಿಜ ತನ್ನ ಸುಣ್ಣ ಸೋಡಿಯಂಗಳನ್ನೂ ಸಿಲಿಕದ ಒಂದು ಪಾಲನ್ನೂ ಕಳೆದುಕೊಂಡು, ನೀರನ್ನು ತನ್ನೊಳಗೆ ಸೇರಿಸಿಕೊಂಡು ಬೇರೆಯೇ ಖನಿಜವಾಗುತ್ತದೆ. ಅದೇ ಕೆಯೋಲಿನೈಟ್, ಕೆಯೋಲಿನ್ ಮಣ್ಣಿನ ತಿರುಳು. ಶುದ್ಧ ರೂಪದಲ್ಲಿ ಅದರ ತೂಕದ 46.5 ಶೇಕಡ ಸಿಲಿಕ, 39.5 ಶೇಕಡ ಅಲ್ಯುಮಿನ, ಉಳಿದ 14 ಶೇಕಡ ನೀರು. ಕಪ್, ಬಸಿ, ಟೈಲ್ಸ್, ಹೊಳಪಿನ ಕಾಗದ, ಬಣ್ಣ, ಔಷಧದ ಗುಳಿಗೆ ಎಲ್ಲಕ್ಕೂ ಬಳಕೆಯಾಗುವ ಚೀನಿ ಮಣ್ಣು ಇದು.

ನೀರು ಇಳಿಯುವುದು ಅಲ್ಲಿಗೇ ನಿಲ್ಲದಿದ್ದರೆ ಕೆಯೋಲಿನೈಟಿನಲ್ಲಿ ಉಳಿದ ಸಿಲಿಕವೂ ಕರಗಿ ಹೋಗುತ್ತದೆ. ಉಳಿಯುವುದು ಅಲ್ಯುಮಿನ ಮತ್ತು ನೀರು, ಅಂದರೆ ಬಾಕ್ಸೈಟ್. ಬಸವಕಲ್ಯಾಣದ ಜೇಡಿ ಆ ದಾರಿಯಲ್ಲಿ ಸಾಗಿ, ಸಿಲಿಕವನ್ನು ಪೂರ್ತಿ ಕಳೆದುಕೊಳ್ಳದೆ ನಡುವೆ ನಿಂತದ್ದು. ಕಬ್ಬಿಣದ ಕಥೆ ಬೇರೆ. ಅದು ಗಾಳಿ ತಾಕಿದ ಕಡೆ ತುಕ್ಕಾಗಿ ಅಲ್ಲೇ ಕೂರುತ್ತದೆ. ಹೀಗೆ ಕೂತ ಕಬ್ಬಿಣ ಮೇಲ್ಪದರವನ್ನು ಕೆಂಪಾಗಿಸಿ, ಗೂಡುಗೂಡಾದ ಗಟ್ಟಿ ಕಲ್ಲಾಗಿಸಿದರೆ ಅದು ಲ್ಯಾಟರೈಟ್, ಕರಾವಳಿಯವರ ಮುರಕಲ್ಲು. ಬೀದರ್ ಕೋಟೆಯ ಸುತ್ತ ಕಡಿದ ಮೂರು ಸಾಲಿನ ಕಂದಕ ಇದರಲ್ಲೇ ಇದೆ. ಕಬ್ಬಿಣದ ತುಕ್ಕು ನುಣುಪಾದ ಜೇಡಿಯಲ್ಲಿ ಬೆರೆತಲ್ಲಿ ಅದು ಕೆಮ್ಮಣ್ಣು. ಮೇಲೆ ಕೆಂಪು ಗಟ್ಟಿ, ಅದರಡಿ ಕಬ್ಬಿಣ ಕಳೆದುಕೊಂಡ ಬಿಳಿಚು ಜೇಡಿ, ಅದರಡಿ ಕೊಳೆತ ಬಸಾಲ್ಟ್, ಕೊನೆಗೆ ತಾಜಾ ಕರಿಕಲ್ಲು: ಲ್ಯಾಟರೈಟ್ ನೆಲದ ಪೂರ್ಣ ಪದರಕ್ರಮ ಇದು. ಕಮಠಾಣದ ಕೆಯೋಲಿನ್ನನ್ನು ಈ ಕ್ರಮದ ನಡುವೆ ಇಟ್ಟು ನೋಡಿದಾಗಲೇ ಆ ಒಂದು ಸಾಲಿಗೆ ಜೀವ ಬರುತ್ತದೆ.

ಇಷ್ಟು ತೊಳೆಯಲು ಎಷ್ಟು ಮಳೆ ಬೇಕು? ಈಗ ಬೀದರಿಗೆ ಬರುವ ಮಳೆ ಸಾಲದು. ಲಾವಾ ಉಕ್ಕಿದಾಗ ಭಾರತ ಭೂಮಧ್ಯರೇಖೆಯ ದಕ್ಷಿಣಕ್ಕಿತ್ತು. ಉತ್ತರಕ್ಕೆ ಸರಿಯುತ್ತ ಕೋಟ್ಯಂತರ ವರ್ಷ ಭೂಮಧ್ಯರೇಖೆಯ ಬಿಸಿ ಮತ್ತು ಮಳೆಯಲ್ಲಿ ನೆನೆದು, ಆಮೇಲೆ ಈಗಿನ ಜಾಗಕ್ಕೆ ಬಂತು. ನಿಮ್ಮೂರಿನ ಬಿಳಿ ಮಣ್ಣು ಈಗಿಲ್ಲದ ಒಂದು ಹವಾಮಾನದ ದಾಖಲೆ.

ಇದಕ್ಕೆ ಎದುರಾಗಿ ಔರಾದ ಮತ್ತು ಭಾಲ್ಕಿಯ ಎರೆ ಭೂಮಿಯನ್ನು ಇಟ್ಟು ನೋಡಿ. ಅದೂ ಬಸಾಲ್ಟಿನಿಂದಲೇ ಬಂದದ್ದು. ಆದರೆ ಮಾಂಜ್ರಾ, ಕಾರಂಜಾ ನದಿಗಳ ತಗ್ಗುನೆಲದಲ್ಲಿ ನೀರು ಸರಾಗವಾಗಿ ಬಸಿದು ಹೋಗುವುದಿಲ್ಲ, ಮಳೆಯೂ ಮಿತ. ಸುಣ್ಣ ಮೆಗ್ನೀಷಿಯಂಗಳು ಮಣ್ಣಿನಲ್ಲೇ ಉಳಿದು ಸ್ಮೆಕ್ಟೈಟ್ ಎಂಬ ಬೇರೆ ಜಾತಿಯ ಜೇಡಿ ಹುಟ್ಟುತ್ತದೆ. ಅದರ ಪದರಗಳ ನಡುವೆ ನೀರು ಹೊಕ್ಕರೆ ಅದು ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಬೇಸಿಗೆಯಲ್ಲಿ ಹೊಲ ಕೈ ಹೋಗುವಷ್ಟು ಬಿರಿಯುವುದು, ಎರೆಯಲ್ಲಿ ಕಟ್ಟಿದ ಮನೆಯ ಗೋಡೆ ಸೀಳುವುದು, ಹಿಂಗಾರಿನ ಕಡಲೆ ಜೋಳ ಮಳೆಯಿಲ್ಲದೆಯೂ ಬರುವುದು, ಈ ಮೂರಕ್ಕೂ ಕಾರಣ ಆ ಒಂದು ಜೇಡಿಯ ಗುಣ. ಕೆಯೋಲಿನ್ ಹಾಗೆ ಉಬ್ಬುವುದಿಲ್ಲ. ಒಂದೇ ಕಲ್ಲು, ಎತ್ತರದಲ್ಲಿ ಬಿಳಿ ಮತ್ತು ಕೆಂಪು, ತಗ್ಗಿನಲ್ಲಿ ಕಪ್ಪು. ನೀರು ನಿಂತಿತೇ ಹರಿಯಿತೇ ಎಂಬುದರ ಮೇಲೆ ರೈತ ಏನು ಬಿತ್ತಬೇಕೆಂಬುದು ಕೋಟಿ ವರ್ಷಗಳ ಹಿಂದೆಯೇ ತೀರ್ಮಾನವಾದಂತಾಯಿತು.

ನಿಮ್ಮ ಜಿಲ್ಲೆಯ ಈ ಕೆಂಪು ನೆಲ ಭೂವಿಜ್ಞಾನದ ಲೋಕದಲ್ಲಿ ಅಪರಿಚಿತವಲ್ಲ. ಲ್ಯಾಟರೈಟ್ ಎಂಬ ಹೆಸರನ್ನು ಫ್ರಾನ್ಸಿಸ್ ಬುಕಾನನ್ ಕೇರಳದ ಅಂಗಾಡಿಪುರದ ಕಲ್ಲಿಗೆ ಕೊಟ್ಟು 1807ರಲ್ಲಿ ಪ್ರಕಟಿಸಿದ. 1840ರ ದಶಕದಲ್ಲಿ ಮದ್ರಾಸ್ ಸೇನೆಯ ಅಧಿಕಾರಿ ಥಾಮಸ್ ಜಾನ್ ನ್ಯೂಬೋಲ್ಡ್ ದಕ್ಷಿಣ ಭಾರತದ ಭೂರಚನೆಯ ಬಗ್ಗೆ ಬರೆಯುತ್ತ ಬೀದರಿನ ಲ್ಯಾಟರೈಟನ್ನು ವಿವರಿಸಿದ. ಅಲ್ಲಿಂದ ಒಂದೂವರೆ ಶತಮಾನ ಕಳೆದ ಮೇಲೆ, 2004ರಲ್ಲಿ, ಬ್ರಿಟನ್ನಿನ ಓಪನ್ ಯೂನಿವರ್ಸಿಟಿಯ ಕಿಸಾಕುರೆಕ್, ವಿಡೋಸನ್, ಜೇಮ್ಸ್ ಎಂಬ ಮೂವರು ಬೀದರಿನ ಲ್ಯಾಟರೈಟ್ ಪದರಗಳಲ್ಲಿ ಲಿಥಿಯಂ ಐಸೋಟೋಪುಗಳನ್ನು ಅಳೆದು ಪ್ರಕಟಿಸಿದರು. ಅದರ ಹಿನ್ನೆಲೆ ಹೀಗೆ. ಲಿಥಿಯಂನಲ್ಲಿ ಎರಡು ತೂಕದ ಪರಮಾಣುಗಳಿವೆ, 6 ಮತ್ತು 7. ಕಲ್ಲು ಕೊಳೆಯುವಾಗ ಹಗುರದ್ದು ಹೆಚ್ಚಾಗಿ ಜೇಡಿಯಲ್ಲಿ ಉಳಿದು, ಭಾರದ್ದು ನೀರಿನ ಜೊತೆ ಹೊಳೆಗೂ ಸಮುದ್ರಕ್ಕೂ ಹೋಗುತ್ತದೆ. ಕೊಳೆಯುವಿಕೆ ಎಷ್ಟು ತೀವ್ರವಾಗಿತ್ತು ಎಂಬುದನ್ನು ಈ ಅನುಪಾತದಿಂದ ಊಹಿಸಬಹುದು. ಮೇಲ್ಪದರಕ್ಕೆ ಬೇರೆಡೆಯ ಧೂಳು ಗಾಳಿಯಲ್ಲಿ ಬಂದು ಸೇರಿದ ಗುರುತೂ ಅವರಿಗೆ ಸಿಕ್ಕಿತು. 2014ರಲ್ಲಿ ಬ್ಯಾಬೆಚುಕ್, ವಿಡೋಸನ್, ಕ್ಯಾಂಬರ್ ಮಧ್ಯಪ್ರದೇಶದ ಛಿಂದ್ವಾಡಾ ಮತ್ತು ಬೀದರ್ ಪದರಗಳನ್ನು ಹೋಲಿಸಿ ಮತ್ತೊಂದು ಅಧ್ಯಯನ ಪ್ರಕಟಿಸಿದರು. ಕಲ್ಲು ಕೊಳೆಯುವಾಗ ಗಾಳಿಯ ಇಂಗಾಲದ ಡೈ ಆಕ್ಸೈಡ್ ಖರ್ಚಾಗುತ್ತದೆ. ಹಾಗಾಗಿ ಇಡೀ ಭೂಮಿಯ ತಾಪಮಾನದ ದೀರ್ಘ ಇತಿಹಾಸ ತಿಳಿಯಬೇಕಾದವರಿಗೆ ಬೀದರಿನ ಮಣ್ಣು ಬೇಕು. ಈ ಕೆಲಸವನ್ನು ಬೀದರಿನ ಮಕ್ಕಳು ಮಾಡುವ ದಿನ ಬರಬೇಕೆಂದು ನಾನು ಮನಸಾರೆ ಬಯಸುತ್ತೇನೆ. ಪ್ರತಿ ಬಾವಿಯ ಗೋಡೆ, ಪ್ರತಿ ಮುರುಮ್ ಕ್ವಾರಿ ಎಲ್ಲಿದೆ ಎಂಬುದು ಅವರಿಗೆ ಹುಟ್ಟಿನಿಂದಲೇ ಗೊತ್ತು.

ತರಗತಿಯಲ್ಲಿ ಏನು ಕಲಿಸುತ್ತಾರೆ ಎಂದು ಕೇಳಿದ್ದೀರಿ. ಮೊದಲ ವರ್ಷದಲ್ಲಿ ಖನಿಜ ಮತ್ತು ಶಿಲೆಗಳನ್ನು ಗುರುತಿಸುವುದು: ಗಡಸುತನ, ಹೊಳಪು, ಸೀಳುವ ರೀತಿ, ಉಜ್ಜಿದಾಗ ಬೀಳುವ ಗೆರೆಯ ಬಣ್ಣ. ಕಲ್ಲನ್ನು 0.03 ಮಿಲಿಮೀಟರ್ ದಪ್ಪಕ್ಕೆ ಉಜ್ಜಿ ಗಾಜಿನ ಮೇಲೆ ಅಂಟಿಸಿ ಧ್ರುವೀಕೃತ ಬೆಳಕಿನ ಸೂಕ್ಷ್ಮದರ್ಶಕದಲ್ಲಿ ನೋಡುವುದು ಆಮೇಲೆ. ಭಾಲ್ಕಿಯ ಮಂಕು ಕರಿಕಲ್ಲು ಅಲ್ಲಿ ಫೆಲ್ಡ್‌ಸ್ಪಾರಿನ ಉದ್ದುದ್ದ ಕಡ್ಡಿಗಳು, ಅವುಗಳ ನಡುವೆ ಬಣ್ಣ ಬದಲಿಸುವ ಆಗೈಟ್ ಹರಳುಗಳಾಗಿ ತೆರೆದುಕೊಳ್ಳುತ್ತದೆ. ಈ ನೋಟಕ್ಕಾಗಿಯೇ ಈ ವಿಷಯಕ್ಕೆ ಒಲಿದವರು ಬಹಳ ಮಂದಿ. ಆಮೇಲೆ ಪದರಗಳ ಕಾಲಕ್ರಮ, ಪಳೆಯುಳಿಕೆ, ನೆಲದ ಮಡಿಕೆ ಮತ್ತು ಸ್ತರಭಂಗ, ಭೂರಸಾಯನ, ಭೂಭೌತ, ಅಂತರ್ಜಲ, ಅದಿರು ನಿಕ್ಷೇಪ, ಉಪಗ್ರಹ ಚಿತ್ರಗಳ ಓದು. ಸುತ್ತಿಗೆ, ಹತ್ತು ಪಟ್ಟು ಹಿಗ್ಗಿಸುವ ಕೈಮಸೂರ, ದಿಕ್ಸೂಚಿ ಮತ್ತು ಇಳಿಜಾರು ಅಳೆಯುವ ಕ್ಲೈನೋಮೀಟರ್ ಹಿಡಿದು ವಾರಗಟ್ಟಲೆ ನಡೆದು ನಕ್ಷೆ ಬರೆಯುವುದು ಇದೆಲ್ಲದರ ನಡುವಿನ ಮುಖ್ಯ ಕೆಲಸ. ಗಣಿತದಿಂದ ತಪ್ಪಿಸಿಕೊಳ್ಳಲು ಈ ವಿಷಯ ಹಿಡಿಯಬೇಡಿ. ಭೂಕಂಪದ ಅಲೆಗೂ ಅಂತರ್ಜಲದ ಹರಿವಿಗೂ ಗಣಿತವೇ ಭಾಷೆ. ಭೌತ ಮತ್ತು ರಸಾಯನ ಗಟ್ಟಿಯಾಗಿರುವವರು ಇಲ್ಲಿ ಬಹಳ ಮುಂದೆ ಹೋಗುತ್ತಾರೆ.

ಒಂದು ವಿಚಾರದಲ್ಲಿ ಬೀದರ್ ನಿಮಗೆ ಸಾಲದು. ಇಲ್ಲಿ ಪದರಗಳೆಲ್ಲ ಮಟ್ಟಸ, ಮಡಿಕೆಗಳಿಲ್ಲ. ಆದರೆ ಪಕ್ಕದ ಕಲಬುರಗಿ, ಯಾದಗಿರಿಗಳಲ್ಲಿ ಭೀಮಾ ಕಣಿವೆಯ ಸುಣ್ಣಕಲ್ಲಿದೆ. ನಿಮ್ಮ ಮನೆಯ ಅಂಗಳದಲ್ಲೋ ಪಡಸಾಲೆಯಲ್ಲೋ ಹಾಸಿರಬಹುದಾದ ಶಹಾಬಾದ್ ಕಲ್ಲು ಅದೇ. ಬಹುಕೋಶ ಜೀವಿಗಳು ಹರಡುವ ಮೊದಲಿನ ಸಮುದ್ರದ ತಳ. ರಾಯಚೂರಿನ ಹಟ್ಟಿಯಲ್ಲಿ ಚಿನ್ನ, ಸಂಡೂರಿನಲ್ಲಿ ಕಬ್ಬಿಣ ಮತ್ತು ಮ್ಯಾಂಗನೀಸ್, ಚಿತ್ರದುರ್ಗದ ಮರಡಿಹಳ್ಳಿಯಲ್ಲಿ ನೀರಿನಡಿ ಉಕ್ಕಿ ದಿಂಬಿನಾಕಾರ ತಾಳಿದ ಲಾವಾ, ಹಾಸನದ ಗೊರೂರಿನಲ್ಲಿ 330 ಕೋಟಿ ವರ್ಷ ದಾಟಿದ ನೈಸ್ ಶಿಲೆ. ಇಷ್ಟು ವಿಸ್ತಾರದ ಕಾಲವನ್ನು ಒಂದೇ ರಾಜ್ಯದೊಳಗೆ ಬಸ್ಸಿನಲ್ಲಿ ಸುತ್ತಿ ನೋಡಲು ಸಾಧ್ಯವಿರುವ ಕಡೆಗಳು ಹೆಚ್ಚಿಲ್ಲ. 1894ರಲ್ಲೇ ಮೈಸೂರು ಸಂಸ್ಥಾನ ರಾಬರ್ಟ್ ಬ್ರೂಸ್ ಫೂಟ್ ನೇತೃತ್ವದಲ್ಲಿ ಭೂವಿಜ್ಞಾನ ಇಲಾಖೆ ತೆರೆದದ್ದು, ಆ ಇಲಾಖೆಯಲ್ಲಿ ದುಡಿದ ಬಿ.ಪಿ. ರಾಧಾಕೃಷ್ಣ 1958ರಲ್ಲಿ ಭಾರತೀಯ ಭೂವೈಜ್ಞಾನಿಕ ಸಂಘವನ್ನು ಬೆಂಗಳೂರಿನಲ್ಲಿ ಕಟ್ಟಲು ಮುಂದಾದದ್ದು ಈ ನೆಲದ ಬಲದಿಂದಲೇ. ಆ ಇಲಾಖೆ ಶುರುವಾದಾಗ ಬೀದರ್ ಮೈಸೂರಿನೊಳಗೆ ಇರಲಿಲ್ಲ. 1956ರವರೆಗೆ ಅದು ಹೈದರಾಬಾದ್ ರಾಜ್ಯದ ಭಾಗ. ಮೈಸೂರಿನ ಬಂಡೆಗಳ ಬಗ್ಗೆ ಕನ್ನಡದಲ್ಲಿ ಸಿಗುವಷ್ಟು ಓದು ಬೀದರಿನ ನೆಲದ ಬಗ್ಗೆ ಸಿಗದಿರುವುದಕ್ಕೆ ಇದೂ ಒಂದು ಕಾರಣವೆಂದು ನನಗನ್ನಿಸುತ್ತದೆ.

ಎಲ್ಲಿ ಓದಬೇಕು? ಬಿ.ಎಸ್ಸಿ.ಯಲ್ಲಿ ಭೂವಿಜ್ಞಾನ ಕೊಡುವ ಕಾಲೇಜುಗಳು ಕಡಿಮೆ. ಧಾರವಾಡದ ಕರ್ನಾಟಕ ವಿಜ್ಞಾನ ಕಾಲೇಜು, ಮೈಸೂರಿನ ಯುವರಾಜ ಕಾಲೇಜು ಇದಕ್ಕೆ ಹೆಸರಾದವು. ರಾಜ್ಯದಲ್ಲಿ 2024-25ರಿಂದ ಪದವಿ ಮತ್ತೆ ಮೂರು ವರ್ಷದ್ದಾಗಿದೆ. ಭೂವಿಜ್ಞಾನದ ಜೊತೆ ರಸಾಯನವನ್ನೋ ಭೌತವನ್ನೋ ಹಿಡಿಯಿರಿ. ಎಂ.ಎಸ್ಸಿ.ಗೆ ಮೈಸೂರು, ಬೆಂಗಳೂರು, ಧಾರವಾಡದ ವಿಶ್ವವಿದ್ಯಾಲಯಗಳಿವೆ. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಆನ್ವಯಿಕ ಭೂವಿಜ್ಞಾನ, ಮಂಗಳೂರಿನಲ್ಲಿ ಸಾಗರ ಭೂವಿಜ್ಞಾನ. ನಿಮಗೆ ಹತ್ತಿರದ್ದು ಕಲಬುರಗಿ ಬಳಿಯ ಕಡಗಂಚಿಯಲ್ಲಿರುವ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ. ಪ್ರವೇಶ ರಾಷ್ಟ್ರಮಟ್ಟದ ಸಿಯುಇಟಿ ಪರೀಕ್ಷೆಯ ಮೂಲಕ. ಐಐಟಿಗಳಲ್ಲಿ ಎಂ.ಎಸ್ಸಿ. ಮಾಡಬೇಕಾದರೆ ಜ್ಯಾಮ್ ಪರೀಕ್ಷೆಯಲ್ಲಿ ಭೂವಿಜ್ಞಾನದ್ದೇ ಪತ್ರಿಕೆಯಿದೆ. 371(ಜೆ) ವಿಧಿಯಡಿ ಕಲ್ಯಾಣ ಕರ್ನಾಟಕದ ಅಭ್ಯರ್ಥಿಗಳಿಗೆ ಈ ಭಾಗದ ರಾಜ್ಯ ಶಿಕ್ಷಣ ಸಂಸ್ಥೆಗಳಲ್ಲಿ 70 ಶೇಕಡ, ರಾಜ್ಯಮಟ್ಟದ ಸಂಸ್ಥೆಗಳಲ್ಲಿ 8 ಶೇಕಡ ಸೀಟು ಮೀಸಲು. ಅರ್ಹತಾ ಪತ್ರವನ್ನು ಈಗಲೇ ಮಾಡಿಸಿಟ್ಟುಕೊಳ್ಳಿ. 2023ರಲ್ಲಿ ಶುರುವಾದ ಬೀದರ್ ವಿಶ್ವವಿದ್ಯಾಲಯ ಭಾಲ್ಕಿ ತಾಲ್ಲೂಕಿನ ಹಾಲಹಳ್ಳಿಯಲ್ಲಿದೆ. ಲ್ಯಾಟರೈಟ್, ಬಸಾಲ್ಟ್, ಅಂತರ್ಜಲ ಈ ಮೂರರ ಅಧ್ಯಯನಕ್ಕೆ ಅದು ದೇಶದ ಕೇಂದ್ರವಾಗಬೇಕು. ಜಾಗ ಅದಕ್ಕೆ ಅಷ್ಟು ಒಪ್ಪುತ್ತದೆ.

ಹೈದರಾಬಾದ್ ಹತ್ತಿರವಿರುವುದು ನಿಮ್ಮ ದೊಡ್ಡ ಅನುಕೂಲ. ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಭೂವಿಜ್ಞಾನವೂ ಭೂಭೌತವೂ ಇವೆ. 1961ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆ ಅಲ್ಲೇ ಇದೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ದಕ್ಷಿಣ ವಲಯದ ಕಚೇರಿ ಮತ್ತು ತರಬೇತಿ ಸಂಸ್ಥೆ, ಪರಮಾಣು ಖನಿಜ ನಿರ್ದೇಶನಾಲಯ, ರಾಷ್ಟ್ರೀಯ ದೂರಸಂವೇದಿ ಕೇಂದ್ರ, ಎನ್‌ಎಂಡಿಸಿ ಎಲ್ಲವೂ ಆ ಒಂದು ಊರಿನಲ್ಲಿವೆ. ಬೀದರಿನಿಂದ ರೈಲು ಹತ್ತಿದರೆ ಅರ್ಧ ದಿನದ ದಾರಿಯೂ ಅಲ್ಲ.

ಈ ವಿಜ್ಞಾನ ಬದುಕಿಗೆ ಎಷ್ಟು ಹತ್ತಿರದ್ದೆಂದು ನಿಮ್ಮ ಮನೆಯ ಹಿರಿಯರಿಗೆ 1993ರ ಸೆಪ್ಟೆಂಬರ್ 30ರ ನಸುಕು ನೆನಪಿಸಿ. ಪಕ್ಕದ ಲಾತೂರ್ ಜಿಲ್ಲೆಯ ಕಿಲ್ಲಾರಿಯಲ್ಲಿ ನೆಲ ನಡುಗಿ ಸಾವಿರಾರು ಜನ ಮಲಗಿದಲ್ಲೇ ಸತ್ತರು. ಮಣ್ಣಿನಲ್ಲಿ ಕಲ್ಲು ಪೇರಿಸಿದ ದಪ್ಪ ಗೋಡೆ, ಭಾರದ ಮಣ್ಣಿನ ಮಾಳಿಗೆ ಕುಸಿದದ್ದೇ ಹೆಚ್ಚು ಸಾವಿಗೆ ಕಾರಣ. ದಖನ್ ಪ್ರಸ್ಥಭೂಮಿ ಅಲುಗದ ನೆಲ ಎಂಬ ನಂಬಿಕೆ ಅಂದು ಮುರಿಯಿತು. ಆಮೇಲೆ ವಿಜ್ಞಾನಿಗಳು ಅಲ್ಲಿ 617 ಮೀಟರ್ ಆಳದ ರಂಧ್ರ ಕೊರೆದರು. 338 ಮೀಟರ್ ಬಸಾಲ್ಟ್, ಅದರಡಿ ಕೇವಲ 8 ಮೀಟರ್ ಹಳೆಯ ಗಸಿ, ಅದರಡಿ ಪ್ರಾಚೀನ ಸ್ಫಟಿಕ ಶಿಲೆ ಸಿಕ್ಕಿತು. ನಾವು ನಡೆದಾಡುವ ಕರಿಕಲ್ಲು ಅಷ್ಟು ತೆಳು ಹೊದಿಕೆ. ಕಂಪ ಹುಟ್ಟುವುದು ಅದರ ಕೆಳಗಿನ ಹಳೆಯ ನೆಲದಲ್ಲಿ. ಈ ತಿಳಿವಳಿಕೆಯಿಂದ ಮನೆ ಕಟ್ಟುವ ರೀತಿ ಬದಲಾಗಬೇಕು. ಆ ಮಾತನ್ನು ಭಾಲ್ಕಿಯ ಗವಂಡಿಗೆ ಅವನ ಮಾತಿನಲ್ಲೇ ಹೇಳಬಲ್ಲ ಭೂವಿಜ್ಞಾನಿಗಳು ಬೇಕು.

ಕೆಲಸದ ಬಗ್ಗೆ ನೇರವಾಗಿ ಹೇಳುತ್ತೇನೆ. ಬಿ.ಎಸ್ಸಿ. ಒಂದರಿಂದ ಒಳ್ಳೆಯ ಹುದ್ದೆ ಸಿಗುವುದು ಕಷ್ಟ. ಐದು ವರ್ಷದ ಓದಿಗೆ ಮನೆಯವರು ಸಿದ್ಧರಿರಬೇಕು. ಎಂ.ಎಸ್ಸಿ. ಆದ ಮೇಲೆ ಯುಪಿಎಸ್‌ಸಿ ನಡೆಸುವ ಸಂಯುಕ್ತ ಭೂವಿಜ್ಞಾನಿ ಪರೀಕ್ಷೆ ಬರೆಯಬಹುದು. ಭೂವೈಜ್ಞಾನಿಕ ಸರ್ವೇಕ್ಷಣೆಗೂ ಕೇಂದ್ರ ಅಂತರ್ಜಲ ಮಂಡಳಿಗೂ ನೇಮಕ ಅದರಿಂದಲೇ. ವಯಸ್ಸು 21ರಿಂದ 32, ಮೀಸಲಾತಿ ವರ್ಗಗಳಿಗೆ ಸಡಿಲಿಕೆಯಿದೆ. ಗೇಟ್ ಪರೀಕ್ಷೆಯ ಅಂಕದ ಮೇಲೆ ಕೆಲವು ಸಾರ್ವಜನಿಕ ಸಂಸ್ಥೆಗಳು ಕರೆಯುತ್ತವೆ. ರಾಜ್ಯದ ಗಣಿ ಮತ್ತು ಭೂವಿಜ್ಞಾನ ಇಲಾಖೆ, ಅಂತರ್ಜಲ ನಿರ್ದೇಶನಾಲಯ, ಹಟ್ಟಿ ಚಿನ್ನದ ಗಣಿ, ಸೇಡಂ ವಾಡಿ ಕಡೆಯ ಸಿಮೆಂಟ್ ಕಾರ್ಖಾನೆಗಳು, ಸುರಂಗ ಮತ್ತು ಅಣೆಕಟ್ಟು ಕಟ್ಟುವ ಕಂಪನಿಗಳು ಇತರ ದಾರಿಗಳು. ಸರ್ಕಾರಿ ನೇಮಕಾತಿ ಪ್ರತಿವರ್ಷ ಒಂದೇ ಪ್ರಮಾಣದಲ್ಲಿ ಬರುವುದಿಲ್ಲ, ಕಾಯಬೇಕಾಗುತ್ತದೆ. ಉಪಗ್ರಹ ಚಿತ್ರ ಮತ್ತು ಜಿಐಎಸ್ ಚೆನ್ನಾಗಿ ಕಲಿತವರು ಕಾಯುವ ಕಾಲದಲ್ಲೂ ದುಡಿಯುತ್ತಾರೆ.

ಹೆಣ್ಣುಮಗಳು ಬೆಟ್ಟ ಗುಡ್ಡ ಅಲೆಯುವುದೇ ಎಂಬ ಮಾತು ಮನೆಯಲ್ಲಿ ಬಂದೇ ಬರುತ್ತದೆ. ಜಾದವಪುರದ ಭೂವಿಜ್ಞಾನಿ ಸುದೀಪ್ತಾ ಸೇನ್‌ಗುಪ್ತಾ 1983ರಲ್ಲೇ ಅಂಟಾರ್ಕ್ಟಿಕಾಕ್ಕೆ ಹೋಗಿ ಅಲ್ಲಿನ ಬಂಡೆಗಳ ಮೇಲೆ ಕೆಲಸ ಮಾಡಿದರು. ಸಾಗರ ವಿಜ್ಞಾನಿ ಅದಿತಿ ಪಂತ್ ಜೊತೆಗಿದ್ದರು. ಭಾರತದ ಅಂಟಾರ್ಕ್ಟಿಕಾ ವೈಜ್ಞಾನಿಕ ಯಾತ್ರೆಯಲ್ಲಿ ಪಾಲ್ಗೊಂಡ ಮೊದಲ ಮಹಿಳೆಯರು ಅವರು. ನೆಲದಡಿಯ ಗಣಿಯಲ್ಲಿ ಮಹಿಳೆಯರು ಕೆಲಸ ಮಾಡುವುದಕ್ಕೆ ಇದ್ದ ನಿಷೇಧವೂ 2019ರಲ್ಲಿ ಸಡಿಲವಾಗಿ, ತಾಂತ್ರಿಕ ಹುದ್ದೆಗಳಿಗೆ ಹಗಲಿನ ಪಾಳಿಯಲ್ಲಿ ಅವಕಾಶವಾಯಿತು. ಕ್ಷೇತ್ರಕಾರ್ಯ ದಣಿವಿನದ್ದು ನಿಜ. ಬೀದರಿನ ಬಿಸಿಲಲ್ಲಿ ಹೊಲದ ಕೆಲಸ ಮಾಡುವ ಮನೆಗಳ ಹೆಣ್ಣುಮಕ್ಕಳಿಗೆ ಅದು ಹೊಸದೇನಲ್ಲ.

ಇನ್ನು ತೆಂಗಿನಕಾಯಿ. ಈ ನೆಲದ ನೀರಿನ ಲೆಕ್ಕ ಮೊದಲು ತಿಳಿಯಿರಿ. ಲ್ಯಾಟರೈಟ್ ತೂತುತೂತಾಗಿರುವುದರಿಂದ ಮಳೆನೀರು ಬೇಗ ಇಳಿಯುತ್ತದೆ. ಅದರಡಿಯ ಜೇಡಿ ನೀರನ್ನು ಕೆಳಗೆ ಬಿಡದು. ತಡೆದ ನೀರು ಅಡ್ಡಕ್ಕೆ ಹರಿದು, ಪ್ರಸ್ಥಭೂಮಿಯ ಅಂಚು ಕಡಿದಲ್ಲಿ ಹೊರಬರುತ್ತದೆ. ಎದೆಮಟ್ಟದ ನೀರಿನಲ್ಲಿ ನಡೆದು ದರ್ಶನ ಪಡೆಯುವ ಝರಣಿ ನರಸಿಂಹನ ಗುಹೆ, ಗುರು ನಾನಕ್ ಝೀರಾ, ಪಾಪನಾಶ: ಬೀದರಿನ ಈ ಪುಣ್ಯಸ್ಥಳಗಳ ಬುಗ್ಗೆಗಳಿಗೆಲ್ಲ ಲ್ಯಾಟರೈಟೇ ತಾಯಿ. ಬಹಮನಿ ಕಾಲದಲ್ಲಿ, 15ನೇ ಶತಮಾನದಲ್ಲಿ, ಪರ್ಷಿಯಾದ ಕೌಶಲದಿಂದ ನೌಬಾದಿನಲ್ಲಿ ಕರೇಜ್ ತೋಡಿದವರು ಈ ಗುಟ್ಟನ್ನು ಅರಿತಿದ್ದರು. ನೆಲದಡಿ ಕಿಲೋಮೀಟರ್‌ಗಳಷ್ಟು ಉದ್ದದ ಸುರಂಗ, ಅಲ್ಲಲ್ಲಿ ಮೇಲಕ್ಕೆ ತೆರೆದ ಬಾವಿಗಳು, ಪಂಪಿಲ್ಲದೆ ಇಳಿಜಾರಿನಲ್ಲೇ ಹರಿಯುವ ನೀರು. ಬಸಾಲ್ಟಿನ ನೆಲದಲ್ಲಿ ಲೆಕ್ಕ ಬೇರೆ. ಅಲ್ಲಿ ಪ್ರತಿ ಲಾವಾ ಹರಿವಿನ ಮೇಲ್ಭಾಗ ಗುಳ್ಳೆಗುಳ್ಳೆಯಾಗಿ, ಕೊಳೆತು ನೀರು ಹಿಡಿಯುತ್ತದೆ. ನಡುಭಾಗ ಗಟ್ಟಿ, ಸೀಳಿದ್ದರೆ ಮಾತ್ರ ನೀರು.

ಲ್ಯಾಟರೈಟ್ ಹಾಸಿದ ಕಡೆ ಬಾವಿ ತೋಡಿದರೆ ಹಲವು ಜಾಗಗಳಲ್ಲಿ ಒಂದಿಷ್ಟು ನೀರು ಹೇಗೂ ಬರುತ್ತದೆ. ಹತ್ತರಲ್ಲಿ ಆರು ಕಡೆ ನೀರಿರುವ ನೆಲದಲ್ಲಿ ಕಣ್ಣು ಮುಚ್ಚಿ ತೋರಿಸಿದರೂ ಆರು ಸರಿಯಾಗುತ್ತವೆ. ಸರಿಯಾದದ್ದು ಊರಿನ ನೆನಪಲ್ಲಿ ಉಳಿಯುತ್ತದೆ, ಸಾಲ ಮಾಡಿ ಕೊರೆಸಿ ಬತ್ತಿದ ನಾಲ್ಕು ರೈತನೊಬ್ಬನ ಹಣೆಬರಹವಾಗುತ್ತವೆ. ಭೂವಿಜ್ಞಾನಿಯೂ ಸೋಲುತ್ತಾನೆ, ಗಟ್ಟಿ ಶಿಲೆಯ ನಾಡಿನಲ್ಲಿ ಖಚಿತ ಭರವಸೆ ಯಾರೂ ಕೊಡಲಾರರು. ಆದರೆ ಅವನು ಉಪಗ್ರಹ ಚಿತ್ರದಲ್ಲಿ ನೆಲದ ಸೀಳುಗೆರೆಗಳನ್ನು ಹುಡುಕುತ್ತಾನೆ, ಸುತ್ತಲಿನ ಬಾವಿಗಳನ್ನು ಅಳೆಯುತ್ತಾನೆ, ನೆಲಕ್ಕೆ ವಿದ್ಯುತ್ ಹರಿಸಿ ರೋಧ ನೋಡುತ್ತಾನೆ. ಗಟ್ಟಿ ಬಸಾಲ್ಟ್ ಹೆಚ್ಚು ರೋಧ ತೋರಿಸುತ್ತದೆ, ನೀರು ತುಂಬಿದ ಕೊಳೆತ ಕಲ್ಲು ಕಡಿಮೆ. ಕಮಠಾಣದಂಥ ಊರಿನಲ್ಲಿ ಇಲ್ಲೊಂದು ಬಲೆಯಿದೆ. ಹಸಿ ಜೇಡಿಯೂ ಕಡಿಮೆ ರೋಧವನ್ನೇ ತೋರಿಸುತ್ತದೆ, ಆದರೆ ಬಾವಿಗೆ ನೀರು ಬಿಡುವುದಿಲ್ಲ. ಯಂತ್ರ ಮಾತ್ರ ಹಿಡಿದು ಬಂದವನು ಬಿಳಿ ಮಣ್ಣನ್ನು ನೀರೆಂದು ಓದಿಬಿಡುತ್ತಾನೆ. ಅಲ್ಲಿ ಕೆಯೋಲಿನ್ ಪದರ ಎಷ್ಟು ಆಳದಲ್ಲಿದೆ ಎಂದು ಬಲ್ಲವನಷ್ಟೇ ಯಂತ್ರದ ಅಂಕಿಯನ್ನು ಸರಿಯಾಗಿ ಓದಬಲ್ಲ. ಇನ್ನೊಂದು ಸಂಗತಿ: ಮೆತ್ತನೆಯ ಜೇಡಿ ಕುಸಿಯದಿರಲೆಂದು ಗಟ್ಟಿ ಕಲ್ಲಿನವರೆಗೂ ಕೇಸಿಂಗ್ ಪೈಪ್ ಇಳಿಸುತ್ತಾರೆ. ಆಗ ಕರೇಜಿಗೂ ತೆರೆದ ಬಾವಿಗೂ ನೀರು ಕೊಟ್ಟ ಮೇಲ್ಪದರವನ್ನೇ ಆ ಬೋರ್ ಮುಚ್ಚಿಬಿಡುತ್ತದೆ. ಇಂಥ ನೆಲದಲ್ಲಿ ಎಷ್ಟೋ ಕಡೆ ಐನೂರು ಅಡಿ ಬೋರಿಗಿಂತ ಅಗಲದ ತೆರೆದ ಬಾವಿಯೇ ಮೇಲು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಕೆಯೋಲಿನ್ ಇದೆ ಎಂದ ಮಾತ್ರಕ್ಕೆ ಗಣಿ ಬರುತ್ತದೆ ಎಂದೇನೂ ಇಲ್ಲ. ಕಬ್ಬಿಣದ ಕಲೆ ಎಷ್ಟು, ಸುಟ್ಟಾಗ ಬಿಳುಪು ಉಳಿಯುತ್ತದೆಯೇ, ಮೇಲಿನ ಕೆಂಪು ಹೊದಿಕೆ ಎಷ್ಟು ದಪ್ಪ, ತೊಳೆಯಲು ನೀರೆಲ್ಲಿ ಎಂಬ ಪ್ರಶ್ನೆಗಳಿಗೆ ಉತ್ತರ ಸಿಕ್ಕಮೇಲೆ ಆ ಮಾತು. ಆ ಪದರ ಅಗೆದರೆ ಅದು ತಡೆದಿಟ್ಟ ನೀರಿನ ಗತಿಯೇನು ಎಂಬುದನ್ನು ಅದಕ್ಕೂ ಮೊದಲು ಕೇಳಬೇಕು.

ಕಾಲೇಜು ಸೇರುವ ಮುಂಚೆಯೇ ಒಂದು ಕೆಲಸ ಶುರುಮಾಡಿ. ಊರಿನ ತೆರೆದ ಬಾವಿಗಳ ಪಟ್ಟಿ ಮಾಡಿ. ಪ್ರತಿ ಬಾವಿಯ ಗೋಡೆಯಲ್ಲಿ ಕೆಂಪು ಎಲ್ಲಿಗೆ ಮುಗಿಯುತ್ತದೆ, ಬಿಳಿ ಎಲ್ಲಿಂದ ಎಲ್ಲಿಯವರೆಗೆ, ಕರಿಕಲ್ಲು ಯಾವ ಆಳದಲ್ಲಿ ಎಂದು ಗುರುತಿಸಿ. ಅಂಚಿಗೆ ಒಬ್ಬರೇ ಹೋಗಬೇಡಿ. ಹಗ್ಗಕ್ಕೆ ಗಂಟು ಹಾಕಿ ನೀರಿನ ಮಟ್ಟವನ್ನು ಮೇ ತಿಂಗಳಲ್ಲೊಮ್ಮೆ, ದೀಪಾವಳಿಯ ಹೊತ್ತಿಗೊಮ್ಮೆ ಅಳೆದು ದಿನಾಂಕದೊಂದಿಗೆ ಬರೆಯಿರಿ. ಬೋರ್ ಕೊರೆಯುವ ಗಾಡಿ ಬಂದಾಗ ಹೊರಬೀಳುವ ಪುಡಿಯನ್ನು ಆಳದ ಚೀಟಿ ಸಮೇತ ಪೊಟ್ಟಣ ಕಟ್ಟಿಡಿ. ಮೂರು ವರ್ಷ ಬಿಡದೆ ಮಾಡಿದರೆ ನಿಮ್ಮ ಊರಿನ ಕೆಳಗಿನ ನಕ್ಷೆ ನಿಮ್ಮ ಕೈಯಲ್ಲಿರುತ್ತದೆ. ಅಳೆಯಲು ಹೋಗುವಾಗ ಯಾವ ಬಾವಿ ಯಾವ ವರ್ಷ ಬತ್ತಿತು, ಯಾವುದು ಬರದಲ್ಲೂ ಕೈಬಿಡಲಿಲ್ಲ ಎಂಬುದನ್ನು ಮನೆಯ ಹಿರಿಯರಿಂದ ಕೇಳಿ ಬರೆದುಕೊಳ್ಳಿ. ಆ ಮಾಹಿತಿ ಯಾವ ಇಲಾಖೆಯ ಕಡತದಲ್ಲೂ ಸಿಗುವುದಿಲ್ಲ.